ಸೊಳ್ಳೆ ಮೇಸ್ತ್ರಿ ಆವಲಪ್ಪ

ಯುದ್ಧ ಮುಗಿದ ಮರುವರ್ಷ ನನ್ನನ್ನು ದೇವನಹಳ್ಳಿಯ ತಾಲ್ಲೂಕು ಕಚೇರಿಯ ಪಕ್ಕದ ಒಂದು ಕೋಣೆಗೆ ಹಾಕಿದರು. ಅದಕ್ಕೆ ಮುಂಚೆ ನಾನು ಅದೇ ತಾಲ್ಲೂಕಿನ ವಿಜಯಪುರದಲ್ಲಿ ಸ್ಕೂಲು ಮೇಷ್ಟ್ರು. ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲೆ ಎನ್ನುವ ಒಂದೇ ತಪ್ಪಿಗೆ ನನ್ನನ್ನು ಅಲ್ಲಿಂದ ಕಿತ್ತು, ದಂಡಿನಿಂದ ಊರಿಗೆ ಬಂದ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡುವ ಕೆಲಸಕ್ಕೆ ನೆಟ್ಟರು. ಒಂದು ಮೇಜು, ಒಂದು ಬೆಂಚು, ಸೊಂಟದೆತ್ತರ ಫಾರಂಗಳ ಕಂತೆ. ಬಂದವರೆಲ್ಲ ಮೊದಲು ನನಗೆ ಸಲ್ಯೂಟ್ ಹೊಡೆಯುತ್ತಿದ್ದರು. ನಾನು ಸಲ್ಯೂಟಿಗೆ ತಕ್ಕ ಆಳಲ್ಲ ಕಣ್ರಪ್ಪ ಅಂದರೂ ಬಿಡುತ್ತಿರಲಿಲ್ಲ.

ಫಾರಂನಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದರೂ ಲೆಕ್ಕಕ್ಕೆ ಬರುತ್ತಿದ್ದದ್ದು ಒಂದೇ: ಸೈನ್ಯದಲ್ಲಿ ಕಲಿತ ಕಸುಬು ಯಾವುದು? ಲಾರಿ ಓಡಿಸಿದವನನ್ನು ಬಸ್ಸಿನವರ ಹತ್ತಿರ ಕಳಿಸುತ್ತಿದ್ದೆ. ಅಡುಗೆ ಮಾಡಿದವನನ್ನು ಹಾಸ್ಟೆಲ್ಲಿಗೆ, ಬಂದೂಕು ಬಿಟ್ಟರೆ ಇನ್ನೇನೂ ಹಿಡಿಯದವನನ್ನು ಪೊಲೀಸಿಗೆ. ಹೀಗೇ ಒಂದು ದಿನ ಸೊಣ್ಣೇನಹಳ್ಳಿಯ ಆವಲಪ್ಪನನ್ನು ಕೇಳಿದೆ. ಎತ್ತರದ ಆಳು, ಅಗಲ ಕಿವಿ, ಮೂವತ್ತು ದಾಟಿರಲಿಲ್ಲ.

"ಸೊಳ್ಳೆ ಸಾಯ್ಸೋದು ಸ್ವಾಮಿ" ಅಂದ.

ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಬರ್ಮಾ ಗಡಿಯ ಕಾಡಿನಲ್ಲಿ ನಾಲ್ಕು ವರ್ಷ ಅವನು ಮಾಡಿದ್ದು ಅದೇ. ಮೊದಮೊದಲು ಹಳ್ಳಗುಂಡಿಗಳಿಗೆ ಎಣ್ಣೆ ಹೊಯ್ಯುವುದು, ಆಮೇಲೆ ಡಿ.ಡಿ.ಟಿ. ಪುಡಿ ಬಂದ ಮೇಲೆ ಅದನ್ನು ನೀರಿನಲ್ಲಿ ಕಲಸಿ ಪಂಪಿನಲ್ಲಿ ಹೊಡೆಯುವುದು. "ನಮ್ಮ ಪಟಾಲಮಿನಲ್ಲಿ ಗುಂಡಿಗಿಂತ ಚಳಿಜ್ವರಕ್ಕೆ ಹೋದೋರೇ ಜಾಸ್ತಿ" ಅಂತ ಅವನು ಅಂದ ಮೇಲೆ ನಗು ನಿಂತಿತು.

ಅವನದು ಒಂದೇ ಷರತ್ತು. ಊರು ಬಿಟ್ಟು ಹೋಗುವ ಕೆಲಸ ಬೇಡ, ಸಂಜೆಗೆ ಮನೆ ಸೇರಬೇಕು. ಮದುವೆಯಾಗಿ ಮೂರು ತಿಂಗಳಿಗೆ ದಂಡಿಗೆ ಹೋದವನು ಅವನು. ಹೆಂಡತಿ ಗಂಗಲಕ್ಷ್ಮಮ್ಮ ಅತ್ತೆಯ ಜೊತೆ ಉಳಿದಳು. ಮೂರನೇ ವರ್ಷ ಅತ್ತೆಯೂ ತೀರಿಕೊಂಡಳು. ತಾಯಿ ಸತ್ತ ಸುದ್ದಿ ಆವಲಪ್ಪನಿಗೆ ಮುಟ್ಟುವ ಹೊತ್ತಿಗೆ ಎರಡು ತಿಂಗಳಾಗಿತ್ತಂತೆ. ಆ ಹೆಣ್ಣುಮಗಳು ಒಬ್ಬಳೇ ಒಂದು ಎಕರೆ ಹಿಪ್ಪುನೇರಳೆ ತೋಟ ನೋಡಿಕೊಂಡು, ರೇಷ್ಮೆ ಹುಳು ಸಾಕಿ, ವಿಜಯಪುರದ ಸಂತೆಗೆ ಗೂಡು ಹೊತ್ತು ಮನೆ ನಿಲ್ಲಿಸಿದ್ದಳು. ಆವತ್ತು ಅವಳೂ ಬಂದಿದ್ದಳು, ಬಾಗಿಲ ಹೊರಗೆ ನಿಂತಿದ್ದಳು. ಫಾರಂ ಮುಗಿದ ಮೇಲೆ ಅಲ್ಲಿಂದಲೇ ಒಂದು ಮಾತು ಹೇಳಿದಳು.

"ಮೇಷ್ಟ್ರೇ, ಒಂದು ಸಲ ಕಳಿಸಿದ್ದಾಯ್ತು. ಇನ್ನೊಂದು ಸಲ ಕಳಿಸಕ್ಕೆ ನನ್ನ ಕೈಲಾಗಲ್ಲ."

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಇದ್ದ ಸಂಗತಿ ಹೇಳಿದ ಹಾಗಿತ್ತು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆರು ತಿಂಗಳು ಮೇಲಿನವರಿಗೆ ಕಾಗದ ಬರೆದೂ ಬರೆದೂ ಸಾಕಾಯಿತು. ಕೊನೆಗೆ ಸರ್ಕಾರ ಹಳ್ಳಿಹಳ್ಳಿಗೆ ಸೊಳ್ಳೆ ಔಷಧಿ ಹೊಡೆಯುವ ಪಡೆ ಕಟ್ಟುತ್ತದೆ ಎಂದು ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ತಾಲ್ಲೂಕಿನ ಪಡೆಗೆ ಆವಲಪ್ಪನನ್ನೇ ಮೇಸ್ತ್ರಿ ಮಾಡಿಸಿದೆ. ಅಷ್ಟು ಅಚ್ಚುಕಟ್ಟಾಗಿ ಒಬ್ಬನಿಗೆ ಕೆಲಸ ಹೊಂದಿಸಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು. ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದೆ, ಸುಳ್ಳು ಯಾಕೆ.

ಅವನೂ ಕೆಲಸ ಚೆನ್ನಾಗಿಯೇ ಮಾಡಿದ. ಖಾಕಿ ಅಂಗಿ, ಹೆಗಲಿಗೆ ಪಂಪು, ಹಿಂದೆ ಎಂಟು ಜನ. ಊರೊಳಗೆ ಹೋದರೆ ಮೊದಲು ಮನೆಯವರಿಂದ ಕಾಳುಕಡ್ಡಿ, ಪಾತ್ರೆ ಒಂದು ಮೂಲೆಗೆ ಇಡಿಸಿ, ಮೇಲೆ ಟಾರ್ಪಾಲು ಹೊದಿಸಿ, ಆಮೇಲೆ ಗೋಡೆಗೆ ಹೊಡೆಯುವುದು. ಸೊಳ್ಳೆ ಸತ್ತವೋ ಇಲ್ಲವೋ ಜನ ನೋಡಲಿಲ್ಲ, ತಿಗಣೆ ಸತ್ತವು. ಅದಕ್ಕೇ ಅವನಿಗೆ ಊರೂರಲ್ಲಿ ಮಜ್ಜಿಗೆ ಕೊಟ್ಟು ಕೂರಿಸಿದರು. ಸೊಳ್ಳೆ ಮೇಸ್ತ್ರಿ ಎನ್ನುವ ಹೆಸರು ಅಂಟಿಕೊಂಡಿತು.

ರೇಷ್ಮೆ ಊರುಗಳಲ್ಲಿ ಮಾತ್ರ ಅವನು ಹದ್ದಿನ ಕಣ್ಣಿಟ್ಟಿರುತ್ತಿದ್ದ. ಸೊಳ್ಳೆ ಸಾಯಿಸುವ ಔಷಧಿ ರೇಷ್ಮೆ ಹುಳುವನ್ನು ಬಿಡುತ್ತದೆಯೇ? ಹುಳದ ಮನೆಗೆ, ಅದರ ಎದುರಿನ ಗೋಡೆಗೆ, ಸೊಪ್ಪು ರಾಶಿ ಹಾಕುವ ಕಡೆಗೆ ಒಂದು ಹನಿ ಬೀಳಿಸುತ್ತಿರಲಿಲ್ಲ. ಅವನು ಹುಳದ ಮನೆಯಲ್ಲೇ ಹುಟ್ಟಿ ಬೆಳೆದವನು. ನಮ್ಮ ಕಡೆ ಆ ಕೋಣೆಗೆ ದೇವರ ಮನೆಯಷ್ಟೇ ಮಡಿ. ಚಪ್ಪಲಿ ಹೊರಗೆ ಬಿಡಬೇಕು, ಬೀಡಿ ಸೇದಿದವನು ಬಾಗಿಲಲ್ಲೂ ನಿಲ್ಲಬಾರದು, ಮುಟ್ಟಾದವರು, ಸೂತಕದವರು ಹೋಗಬಾರದು, ಒಳಗೆ ಒಯ್ಯುವ ಬಟ್ಟೆ ಒಗೆದು ಒಣಗಿಸಿದ್ದೇ ಆಗಿರಬೇಕು. ಆವಲಪ್ಪ ಸಂಜೆ ಮನೆಗೆ ಬಂದರೆ ಖಾಕಿ ಬಿಚ್ಚಿ ಕೊಟ್ಟಿಗೆಯಲ್ಲಿ ಹಾಕಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋಗುತ್ತಿದ್ದ.

ಇಷ್ಟೆಲ್ಲ ಗೊತ್ತಿದ್ದವನೇ ಎಡವಿದ. ಪಡೆಯ ಟಾರ್ಪಾಲುಗಳಲ್ಲಿ ಒಂದರ ಅಂಚು ಹರಿದಿತ್ತು. ಅದನ್ನು ಲೆಕ್ಕದಿಂದ ತೆಗೆದು ಹಾಕಿದಾಗ ಅವನು ಕೇಳಿ ಮನೆಗೆ ಒಯ್ದ. ಬೇಸಿಗೆ. ಬೆಳಿಗ್ಗೆ ಕುಯ್ದ ಸೊಪ್ಪು ಮಧ್ಯಾಹ್ನಕ್ಕೆ ಬಾಡುತ್ತಿತ್ತು. ಗಂಗಲಕ್ಷ್ಮಮ್ಮ ಹಳೇ ಸೀರೆ ನೆನೆಸಿ ಹೊದಿಸಿ ಹೊದಿಸಿ ಸುಸ್ತಾಗಿದ್ದಳು. ದಪ್ಪ ಟಾರ್ಪಾಲಾದರೆ ದಿನವೆಲ್ಲ ತಂಪಿರುತ್ತದೆ ಎಂದು ಅವನಿಗೆ ತೋಚಿತು. ಹೆಂಡತಿಗೆ ದಂಡಿನಿಂದ ಒಂದು ಬಳೆಯನ್ನೂ ತರದವನು, ಪಾಪ, ಇದನ್ನು ಕೊಡುವಾಗ ಎಷ್ಟು ಹಿಗ್ಗಿದನೋ. ಹಾಗೇ ಕೊಡಲೂ ಇಲ್ಲ. ಕೆರೆಗೆ ಒಯ್ದು ಮೂರು ಸಲ ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿ, ಮಡಿ ಮಾಡಿಯೇ ಕೊಟ್ಟ. ನಮ್ಮ ಮಡಿಗೆ ನೀರು ಸಾಕು. ಆ ಪುಡಿ ನೀರಿಗೆ ಬಗ್ಗುವುದಲ್ಲ. ಗೋಡೆಗೆ ಹೊಡೆದದ್ದು ತಿಂಗಳುಗಟ್ಟಲೆ ಇರುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದವನು ಅವನೇ. ಆದರೆ ಕೆರೆಯಲ್ಲಿ ಒಗೆದ ಬಟ್ಟೆ ಹುಳದ ಮನೆಗೆ ಸಲ್ಲುತ್ತದೆ ಎನ್ನುವುದು ಅದಕ್ಕಿಂತ ಹಳೆಯ ಪಾಠ, ತಾಯಿ ಕಲಿಸಿದ್ದು. ಎರಡೂ ಒಂದೇ ತಲೆಯಲ್ಲಿ ಇದ್ದವು, ಒಂದರ ಪಕ್ಕ ಒಂದು ಕೂತು ಮಾತಾಡಲಿಲ್ಲ.

ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು, ಬೆರಳುದ್ದ ಬೆಳೆದು, ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕಿತ್ತು. ಬೆಳಿಗ್ಗೆ ಆ ಟಾರ್ಪಾಲಿನಡಿಯ ಸೊಪ್ಪು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಆಡಿಸತೊಡಗಿದವು. ಹಸಿರು ನೀರು ಕಾರಿಕೊಂಡವು. ಬಿದಿರು ತಟ್ಟೆಯ ತುಂಬ ಹೊರಳಾಡಿದವು. ಹುಳು ಸಾಕಿದವರಿಗೆ ಗೊತ್ತು, ಸಾವಿರಾರು ಹುಳು ಸೊಪ್ಪು ತಿನ್ನುವಾಗ ಕೋಣೆಯಲ್ಲಿ ಮಳೆ ಹನಿಯುವಂಥ ಸದ್ದು ಇರುತ್ತದೆ. ಆವತ್ತು ಸಂಜೆ ಆವಲಪ್ಪ ಮನೆಗೆ ಬಂದಾಗ ಆ ಸದ್ದು ಇರಲಿಲ್ಲ. ಅವನು ಸೊಪ್ಪಿನ ಮೇಲಿದ್ದ ಟಾರ್ಪಾಲು ನೋಡಿದ, ಅದನ್ನು ಕಿತ್ತು ಅಂಗಳಕ್ಕೆ ಎಸೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಾರನೇ ದಿನ ಊರು ಸೇರಿತು. ಊರ ಯಜಮಾನ ಮುನಿರಾಮಯ್ಯ ಕೆಟ್ಟವನಲ್ಲ, ಆದರೆ ಊರಿಗೆ ಊರೇ ಹುಳುವಿನಿಂದ ಬದುಕುತ್ತಿತ್ತು.

"ಆವಲಪ್ಪ, ನೀನು ಬೇಕು ಅಂತ ಮಾಡ್ಲಿಲ್ಲ, ಅದು ನಮಗೆಲ್ಲ ಗೊತ್ತು" ಅಂದ. "ಆದ್ರೆ ಆ ಪಂಪು ಇನ್ನು ಈ ಸೀಮೇಲಿ ಕಾಣಬಾರ್ದು ಕಣಪ್ಪ."

ಮಾತು ಅಕ್ಕಪಕ್ಕದ ಹತ್ತು ಊರಿಗೆ ಹಬ್ಬಿತು. ಪಡೆಯನ್ನು ಎಲ್ಲೂ ಒಳಗೆ ಬಿಡಲಿಲ್ಲ. ಮೇಲಿನವರು ಕಾಗದ ಬರೆದರು: ಈ ತಾಲ್ಲೂಕಿನ ಪಡೆಯನ್ನು ಸದ್ಯಕ್ಕೆ ನಿಲ್ಲಿಸಿದೆ, ಮೇಸ್ತ್ರಿ ಇಷ್ಟಪಟ್ಟರೆ ಮಲೆನಾಡಿನ ಪಡೆಗೆ ವರ್ಗ, ಇಲ್ಲವಾದರೆ ಕೆಲಸ ಹೋಯಿತು ಎಂದು ತಿಳಿಯುವುದು.

ನನಗೆ ಮೈಯೆಲ್ಲ ಉರಿಯಿತು, ಮೇಲಿನವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಹುಳುವಿನ ಊರಿಗೆ ಹುಳು ಕೊಲ್ಲುವ ಕಸುಬಿನವನನ್ನು ಹೊಂದಿಸಿ ಬೆನ್ನು ತಟ್ಟಿಕೊಂಡವನು ನಾನೇ ಅಲ್ಲವೇ. ಆವಲಪ್ಪನನ್ನು ಕರೆಸಿ ಕಾಗದ ಓದಿ ಹೇಳಿದೆ. ಬೇಡ ಅನ್ನುತ್ತಾನೆ, ಆಮೇಲೆ ಬೇರೆ ಏನಾದರೂ ನೋಡೋಣ ಎಂದುಕೊಂಡಿದ್ದೆ.

"ಹೋಗ್ತೀನಿ ಮೇಷ್ಟ್ರೇ" ಅಂದ.

"ಮನೇಲಿ ಕೇಳಿದೆಯೇನಪ್ಪ?"

"ಕೇಳೋದೇನು. ನಾನು ಮನೇಲಿದ್ದು ಏನು ಮಾಡ್ಲಿ? ಹುಳದ ಮನೆ ಬಾಗಿಲಿಗೆ ಹೋಗಕ್ಕೂ ಭಯ ಆಗ್ತದೆ. ಜಗುಲಿ ಮೇಲೇ ಊಟ, ಅಲ್ಲೇ ನಿದ್ದೆ. ಅವಳು ಒಂದು ಮಾತು ಬೈದಿದ್ರೂ ಆಗಿತ್ತು, ಬೈಯಲ್ಲ."

ನಾನು ಎಷ್ಟು ಹೇಳಿದರೂ ತಲೆ ತಗ್ಗಿಸಿಯೇ ನಿಂತ. ವರ್ಗದ ಹುಕುಂ ಎರಡು ವಾರಕ್ಕೆ ಬಂತು. ಅದಕ್ಕೆ ಅವನ ರುಜು ಬೇಕು. ಕರೆಸಿದರೆ ಬಂದು ಹಾಕಿಹೋಗುತ್ತಿದ್ದ. ಆದರೆ ಬಾಗಿಲಾಚೆ ನಿಂತು ಆ ಹೆಣ್ಣುಮಗಳು ಹೇಳಿದ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹುಕುಂ ಜೇಬಿನಲ್ಲಿಟ್ಟುಕೊಂಡು ಸೈಕಲ್ ಹತ್ತಿ ಸೊಣ್ಣೇನಹಳ್ಳಿಗೆ ಹೊರಟೆ. ಹೋಗಿ ಏನು ಮಾಡುತ್ತೇನೆ ಎಂದು ನನಗೂ ತಿಳಿದಿರಲಿಲ್ಲ.

ಆವಲಪ್ಪ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಗಂಗಲಕ್ಷ್ಮಮ್ಮ ಹುಳದ ಮನೆಯಿಂದ ಬಗ್ಗಿ ಹೊರಗೆ ಬಂದಳು, ಸೆರಗಿನಲ್ಲಿ ಸೊಪ್ಪಿನ ಚೂರು. ತಟ್ಟೆಗಳನ್ನೆಲ್ಲ ಸುಟ್ಟು, ತವರಿನಿಂದ ಬೇರೆ ತಟ್ಟೆ ತಂದು, ಹೊಸ ಮೊಟ್ಟೆ ಇಟ್ಟು ಹುಳು ಎಬ್ಬಿಸಿದ್ದಳು. ನಾನು ಜೇಬಿನಿಂದ ತೆಗೆದ ಕಾಗದ ನೋಡಿದಳು.

"ಏನದು ಮೇಷ್ಟ್ರೇ?"

ನಾನು ಅವನ ಮುಖ ನೋಡಿದೆ. ಅವನು ಹಗ್ಗ ನೋಡುತ್ತಿದ್ದ. ಅವಳಿಗೆ ಹೇಳಿಯೇ ಇರಲಿಲ್ಲ ಎಂದು ಆಗ ಅರ್ಥವಾಯಿತು. ನಾನೇ ಹೇಳಿದೆ: ಮಲೆನಾಡಿಗೆ ವರ್ಗ, ಇವನೇ ಒಪ್ಪಿದ್ದಾನೆ, ಸೋಮವಾರ ಹೊರಡಬೇಕು.

ಅವಳು ಕೂಗಾಡಲಿಲ್ಲ. ಸೆರಗಿನ ಸೊಪ್ಪಿನ ಚೂರು ಕೊಡವಿ ಜಗುಲಿಯ ಕಂಬಕ್ಕೆ ಒರಗಿಕೊಂಡಳು.

"ಯಾಕೆ?" ಅಂತ ಅವನನ್ನು ಕೇಳಿದಳು.

"ನನ್ನ ಕೈ ಸರಿಯಿಲ್ಲ" ಅಂದ ಆವಲಪ್ಪ. "ನಾನಿದ್ರೆ ಈ ಮನೇಲಿ ಹುಳ ಉಳಿಯಲ್ಲ."

ಅವಳು ನನ್ನ ಕಡೆ ತಿರುಗಿದಳು. ಹೇಳಿದ್ದೆಲ್ಲ ನನಗೆ, ಕೇಳಬೇಕಾದವನು ಅವನು.

"ನಮ್ಮ ಯಜಮಾನ್ರು ದಂಡಿಗೆ ಹೋದ್ಮೇಲೆ ನನ್ನ ಕೈಯಲ್ಲಿ ಮೂರು ಸಲ ಹುಳ ಹೋದ್ವು ಮೇಷ್ಟ್ರೇ. ಒಂದು ಸಲ ರೋಗ ಬಂತು. ಒಂದು ಸಲ ಮಳೇಲಿ ನೆಂದ ಸೊಪ್ಪು ಹಂಗೇ ಹಾಕ್ಬಿಟ್ಟೆ, ನಂದೇ ತಪ್ಪು. ಇನ್ನೊಂದು ಸಲ ನಮ್ಮತ್ತೆ ಹೋದಾಗ. ಸೂತಕ ಅಂತ ನನ್ನ ಒಳಗೆ ಬಿಡ್ಲಿಲ್ಲ, ಸೊಪ್ಪು ಹಾಕೋರು ಯಾರೂ ಇರ್ಲಿಲ್ಲ. ಬಾಗಿಲಾಚೆ ಕೂತಿದ್ದೆ, ಒಳಗೆ ಅವು ಹಸ್ಕೊಂಡು ಸತ್ವು. ಎಲ್ಲಾನೂ ತಿಪ್ಪೆಗೆ ಸುರಿದು ಬಂದು ಮತ್ತೆ ಮೊಟ್ಟೆ ಇಟ್ಟೆ. ನನ್ನ ಯಾರೂ ಮಲೆನಾಡಿಗೆ ವರ್ಗ ಮಾಡ್ಲಿಲ್ಲ."

ಆವಲಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಅವಳಿಗೆ ಬರೆಯಲು ಬಾರದು, ಬೇರೆಯವರ ಕೈಲಿ ಬರೆಸಿದ ಕಾಗದಗಳಲ್ಲಿ ಎಲ್ಲ ಕ್ಷೇಮ ಎಂದಷ್ಟೇ ಇರುತ್ತಿತ್ತಂತೆ. ಅವನು ಬಂದ ಮೇಲೂ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಅವಳು ಗಂಡನಿಗೆ ಅಂದಳು: "ಕೈ ತೊಳ್ಕೊಂಡು ಬಾ. ಹುಳ ಹಸಿದವೆ. ಸೊಪ್ಪು ಹೆಚ್ಚಕ್ಕೆ ಇನ್ನೊಂದು ಕೈ ಬೇಕು."

ಅಷ್ಟು ಹೇಳಿ ಒಳಗೆ ಹೋದಳು. ಆವಲಪ್ಪ ಕೂತೇ ಇದ್ದ. ಮೇಷ್ಟ್ರುತನ ತೋರಿಸುವ ಹೊತ್ತಲ್ಲ ಅದು. ಕೊನೆಗೆ ಎದ್ದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ತೊಟ್ಟಿಯ ಹತ್ತಿರ ಹೋಗಿ ಮೊಣಕೈವರೆಗೆ ಬೂದಿ ಹಚ್ಚಿ ತೊಳೆದ, ಮತ್ತೆ ತೊಳೆದ. ಹುಳದ ಮನೆಯ ಬಾಗಿಲು ತಗ್ಗು. ಅದರ ಮುಂದೆ ಒಂದು ಗಳಿಗೆ ನಿಂತು, ತಲೆ ಬಗ್ಗಿಸಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಸೊಪ್ಪು ಹೆಚ್ಚುವ ಕತ್ತಿಯ ಸದ್ದು ಕೇಳಿಸಿತು. ಆಮೇಲೆ ಅವಳು ಬೈಯುವುದೂ ಕೇಳಿಸಿತು, ಅಷ್ಟು ದಪ್ಪ ಅಲ್ಲ, ಇನ್ನೂ ಎಳೇ ಹುಳ ಅವು, ಸಣ್ಣಕ್ಕೆ ಹೆಚ್ಚು ಅಂತ. ನಾನು ಹುಕುಂ ಹಿಡಿದುಕೊಂಡು ಜಗುಲಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ರುಜು ಹಾಕುವುದಕ್ಕೆ ಯಾರೂ ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.