ತೊಳೆದ ಕಾಲಿನವರಿಗೆ ಮಾತ್ರ

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಸಾಕ್ಷಿ ಹೇಳುವ ಕೂಟಗಳಲ್ಲಿ ಎದ್ದು ನಿಂತು ತಂಬಾಕು ಬಿಟ್ಟ ಕಥೆ ಹೇಳಿದ್ದೇನೆ. ಅದು ಜನರಿಗೆ ಹಳತಾದ ಮೇಲೆ ಸಿಟ್ಟು ಬಿಟ್ಟ ಕಥೆ ಹೇಳಿದ್ದೇನೆ. ಆಗೆಲ್ಲ ನನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ಕುಳಿತು ಜೋರಾಗಿ ಕೆಮ್ಮುತ್ತಿದ್ದಳು. ನೆಲದ ಕಥೆಯನ್ನು ಮಾತ್ರ ಎಂದೂ ಹೇಳಲಿಲ್ಲ. ಈಗ ನಮ್ಮ ಸಭೆಯ ಹುಡುಗರು ಬಂದಿದ್ದಾರೆ. ಸಭೆ ಸುಧಾರಿಸಬೇಕಂತೆ, ಹೊರಗಿನ ಜನರ ಬಳಿಗೆ ಹೋಗಬೇಕಂತೆ, ನಿಮ್ಮ ಕಾಲದಲ್ಲಿ ಹೇಗೆ ಹೋದಿರಿ ಬರೆದುಕೊಡಿ ಎನ್ನುತ್ತಾರೆ. ನಾವು ಹೋಗಲಿಲ್ಲ. ಅವರೇ ಬಂದಿದ್ದರು. ಅದನ್ನೇ ಬರೆಯುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ ಶಹಾಬಾದಿನ ಒಂದು ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುವ ಮುನ್ಶಿಯಾಗಿದ್ದೆ. ಚರ್ಚಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಪ್ರಾರ್ಥನೆಗೆ ನಿಂತರೆ ದೇವರ ಮುಂದೆಯೂ ಕಚೇರಿಗೆ ಅರ್ಜಿ ಬರೆದಂತೆಯೇ ಮಾತಾಡುತ್ತಿದ್ದೆನಂತೆ. 'ಹುಜೂರ್' ಎನ್ನುವುದೊಂದೇ ಬಾಕಿ ಎಂದು ಜನ ನಗುತ್ತಿದ್ದರು.

ನಮ್ಮ ಚರ್ಚು ಚಿಕ್ಕದು, ಆದರೆ ನೆಲ ದೊಡ್ಡದು ಎನ್ನಬೇಕು. ಅಂಥ ಫರಸಿ ಕಲ್ಲಿನ ಹಾಸು ವಾಡಿಯಿಂದ ಸೇಡಂವರೆಗೆ ಯಾವ ಸಾಹುಕಾರನ ಮನೆಯಲ್ಲೂ ಇರಲಿಲ್ಲ. ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣುವಂತೆ ಮಾಡಿದ್ದೆವು. ಬಾಗಿಲ ಬಳಿ ಒಂದು ನೀರಿನ ಹರವಿ, ಒಂದು ತಂಬಿಗೆ. ಕಾಲು ತೊಳೆದೇ ಒಳಗೆ ಬರಬೇಕು, ಇದು ನಾನು ಮಾಡಿದ ಕಾಯಿದೆ. ಜನ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವಾಗ ನಾನು ಒದ್ದೆ ಅರಿವೆ ಹಿಡಿದು ಹೆಜ್ಜೆಗುರುತು ಒರೆಸುತ್ತ ತಿರುಗುತ್ತಿದ್ದೆ. ನೀವು ಸ್ವರ್ಗಕ್ಕ ಹೋಗುವಾಗೂ ಆ ಅರಿವಿ ಹೆಗಲ ಮ್ಯಾಲೇ ಇರ್ತದ ಎಂದು ಹೆಂಡತಿ ಅನ್ನುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ವಾರಕ್ಕೊಮ್ಮೆ ಬಾಗಿಲು ತೆಗೆಯುತ್ತಿದ್ದೆವು, ಹಾಡುತ್ತಿದ್ದೆವು, ಮುಚ್ಚುತ್ತಿದ್ದೆವು. ಒಮ್ಮೆ ಮೇಲಿನಿಂದ ಸುದ್ದಿ ಬಂತು: ದೊಡ್ಡ ಪಾದ್ರಿ ಸಾಹೇಬರು ಬರುತ್ತಾರೆ, ಊರ ಬಡಮಕ್ಕಳ ನಡುವೆ ಸಭೆ ಏನು ಕೆಲಸ ಮಾಡುತ್ತಿದೆಯೋ ನೋಡುತ್ತಾರೆ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಪಾದ್ರಿಗಳು ಬಹಳ ಸಾಧು ಮನುಷ್ಯ, ಕಮಿಟಿಗೆ ಹೆದರುವವರು. ಅವರು ಸೂರು ನೋಡಿದರು. ಕಡೆಗೆ ನಾನೇ ದಾರಿ ಹುಡುಕಿದೆ. ಭಂಕೂರಿನ ಕಡೆಗಿದ್ದ ನಮ್ಮ ಗಣಿಯಲ್ಲಿ ಕಲ್ಲು ಒಡೆಯುವವರ ಮಕ್ಕಳಿದ್ದರು. ಒಂದು ದಿನದ ಮಟ್ಟಿಗೆ ಕರೆತಂದರಾಯಿತು, ಬೆಲ್ಲ ಶೇಂಗಾ ಕೊಟ್ಟರಾಯಿತು.

ಆ ಮಕ್ಕಳನ್ನು ಕೂಡಿಸಿ ತಂದವಳು ಒಬ್ಬ ಮುದುಕಿ. ಅವಳ ಮಗ ನಮ್ಮ ಗಣಿಯಲ್ಲೇ ಕಲ್ಲು ಕಡಿಯುತ್ತಿದ್ದ. ಜೊತೆಯಲ್ಲಿ ಅವಳ ಮೊಮ್ಮಗಳು, ಗಿಡ್ಡ ಜಡೆಯ ಹುಡುಗಿ. ಎಲ್ಲರನ್ನೂ ಸಾಲಾಗಿ ಕೂಡಿಸಿ, ಸಾಹೇಬರು ಬಂದಾಗ ಕೈ ಮುಗಿದು ಸುಮ್ಮನೆ ಕೂರಬೇಕು ಎಂದು ಹೇಳಿಕೊಟ್ಟೆ. ಅವರು ತಲೆಯಾಡಿಸಿದರು.

ಆದರೆ ದೊಡ್ಡ ಪಾದ್ರಿ ಸಾಹೇಬರು ಬಿಸಿಲಿಗೆಂದು, ಗಣಿಯ ಸಾಹೇಬರು ಹಾಕುವಂಥದೇ ಸೋಲಾ ಟೋಪಿ ಹಾಕಿಕೊಂಡು ಬಂದುಬಿಟ್ಟರು. ಗಣಿಯಲ್ಲಿ ಒಂದೇ ನಿಯಮ: ಟೋಪಿ ಸಾಹೇಬ ಕಂಡರೆ ಖಾಲಿ ಕೈಯಲ್ಲಿ ಕೂತಿರಬಾರದು. ಟೋಪಿ ಬಾಗಿಲಲ್ಲಿ ಕಂಡದ್ದೇ ತಡ, ಮಕ್ಕಳೆಲ್ಲ ಧಡಕ್ಕನೆ ಎದ್ದರು. ಹೊರಲು ಕಲ್ಲಿಲ್ಲ. ಕಂಡದ್ದು ಹಾಡಿನ ಪುಸ್ತಕಗಳು. ಜನರ ಕೈಯಿಂದಲೇ ಕಸಿದು, ತಲೆಯ ಮೇಲೆ ಹೊತ್ತು, ಸಾಲು ಹಿಡಿದು ಹೋಗಿ ಪ್ರಸಂಗಪೀಠದ ಮುಂದೆ ಕಲ್ಲಿನಂತೆ ಒಂದರ ಮೇಲೊಂದು ಅಟ್ಟಿ ಹಚ್ಚತೊಡಗಿದರು. ಗಿಡ್ಡ ಜಡೆಯವಳು ಪಾದ್ರಿಗಳ ಕನ್ನಡಕದ ಡಬ್ಬಿಯನ್ನೂ ಹೊತ್ತು ಹಾಕಿದಳು.

ದೊಡ್ಡ ಸಾಹೇಬರ ಕಣ್ಣಲ್ಲಿ ನೀರು. ಇಂಥ ಸೇವಾಭಾವ, ಇಂಥ ಶಿಸ್ತು ತಾವು ಎಲ್ಲೂ ಕಂಡಿಲ್ಲವೆಂದರು. ಕಲಿಸಿದವರು ಯಾರೆಂದು ಕೇಳಿದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ನಾನು ತಲೆ ತಗ್ಗಿಸಿದೆ, ವಿನಯದಿಂದ. ಅವರು ಹೋಗುವ ಮುಂಚೆ ಎದ್ದು ನಿಂತು, ಈ ಮಕ್ಕಳು ಪ್ರತಿ ಐತವಾರ ಬರಲಿ, ಆರಾಧನೆ ಮುಗಿದ ಮೇಲೆ ಮುನ್ಶಿಗಳು ಇವರಿಗೆ ಅಕ್ಷರ ಕಲಿಸುತ್ತಾರೆ ಎಂದು ಎಲ್ಲರ ಮುಂದೆ ಸಾರಿದರು. ಆಮೆನ್ ಎಂದವರಲ್ಲಿ ನನ್ನ ದನಿಯೇ ದೊಡ್ಡದು. ಅಂದು ಸಂಜೆಯ ತನಕ ನಾನು ನೆಲದ ಮೇಲಿನ ಬೆಲ್ಲ ಕೆರೆದೆ.

ಸಾಹೇಬರು ರೈಲು ಹತ್ತಿದರು, ಮಾತು ಮುಗಿಯಿತು ಎಂದು ನಾವು ತಿಳಿದೆವು. ಮುದುಕಿ ಹಾಗೆ ತಿಳಿಯಲಿಲ್ಲ. ಮುಂದಿನ ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬಂದೇ ಬಂದಳು. ತಲೆಗಳಿಗೆ ಎಣ್ಣೆ, ಗಿಡ್ಡ ಜಡೆಗೆ ಹೊಸ ಲಾಡಿ. ಆದರೆ ಗಣಿಯ ಹಾದಿಯಲ್ಲಿ ನಡೆದ ಕಾಲುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು.

"ಇವತ್ತ ಬೆಲ್ಲ ಇಲ್ಲ, ಆಯಿ," ಎಂದೆ.

"ಬೆಲ್ಲಕ್ಕ ಬಂದಿಲ್ರಿ ಮುನ್ಶಿ ಸಾಬ್. ನನ್ನ ಮಗಂದಂತೂ ಬಾಳೆಲ್ಲ ಕಲ್ಲಿನಾಗೇ ಹೋಯ್ತು. ಈ ಪೋರಿಗರೆ ನಾಕ ಅಕ್ಷರ ಬರ್ಲಿ."

ಕಾಲು ತೊಳೆಯಿರಿ ಎಂದು ಹರವಿ ತೋರಿಸಿದೆ. ಅವಳು ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಮಗುವಿನ ಕಾಲನ್ನು ಮಡಿಲಿಗೆ ಎಳೆದುಕೊಂಡು ತೊಳೆದಳು. ಬೆರಳ ಸಂದಿಯನ್ನೂ ಬಿಡಲಿಲ್ಲ. ಮೊಮ್ಮಗಳನ್ನು ಕಡೆಗೆ ಇಟ್ಟುಕೊಂಡಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಹರವಿ ಬರಿದಾಗಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಕಾಯಿದೆ ನನ್ನ ಕಡೆಗಿತ್ತು.

"ನೀರು ತೀರ್ತು. ಮುಂದಿನ ವಾರ ನೋಡೋಣು," ಎಂದೆ.

ಅವಳು ಬಾಗಿಲೊಳಗೆ ನೆಲವನ್ನೊಮ್ಮೆ ನೋಡಿದಳು. "ಈ ಫರಸಿ ನನ್ನ ಮಗಾನೇ ಕಡ್ದದ್ರಿ. ಆವಾಗ ಇದರ ಮೈತುಂಬ ಧೂಳೇ ಇತ್ತು. ಯಾರೂ ಏನೂ ಅನ್ಲಿಲ್ಲ."

ಕಾಯಿದೆ ಅಂದ್ರ ಕಾಯಿದೆ ಎಂದೆ. ಅದಕ್ಕವಳು, ನೀರು ತಾನೇ ತರುತ್ತೇನೆ, ಎಲ್ಲರೂ ಕೂಡಿಯೇ ಒಳಗೆ ಬರುತ್ತೇವೆ, ಅಷ್ಟು ಹೊತ್ತು ಬಾಗಿಲು ತೆರೆದಿಡಿ ಎಂದು ಹೇಳಿ ಮಕ್ಕಳನ್ನು ಹಿಂದೆ ಕರೆದುಕೊಂಡು ಹೊರಟಳು. ಆಗಲಿ ಎಂದೆ. ಅವಳು ತಿರುವು ದಾಟಿದಳು. ಪಾದ್ರಿಗಳು ಒಳಗಿನಿಂದ, ಬರಲಿ ಬಿಡ್ರಿ ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿತ್ತು. ಕೇಳಿಸದವನ ಹಾಗೆ ಅಗಳಿ ಹಾಕಿದೆ.

ಅಂದು ಪ್ರಸಂಗ ಯಾವುದರ ಮೇಲಿತ್ತೋ ನೆನಪಿಲ್ಲ. ನಾನು ನೆಲ ನೋಡುತ್ತಿದ್ದೆ. ನಡುವೆ ಬಾಗಿಲು ತಟ್ಟಿದ ಸಣ್ಣ ಸಪ್ಪಳವಾಯಿತು. ಜನ ತಿರುಗಿ ನೋಡಿದರು. ಗಾಳಿ ಎಂದು ಸನ್ನೆ ಮಾಡಿ, ಹಾಡು ಎತ್ತಿಕೊಂಡೆ. ನನ್ನ ಹೆಂಡತಿ ಕೆಮ್ಮಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದಳು.

ಆರಾಧನೆ ಮುಗಿದು ಬಾಗಿಲು ತೆರೆದಾಗ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಒಂದು ಮಣ್ಣಿನ ಕೊಡ, ಅರ್ಧಕ್ಕಿಂತ ಮೇಲೆ ನೀರು. ಪಕ್ಕದಲ್ಲಿ ಸಣ್ಣ ಪಾದಗಳ ಗುರುತು, ತೊಳೆದ ಪಾದಗಳವು, ಇನ್ನೂ ಒಣಗಿರಲಿಲ್ಲ. ನನಗೆ ಆಗಲೂ ಬುದ್ಧಿ ಬರಲಿಲ್ಲ. ಮನೆಗೆ ಹೋಗುವ ಮುಂಚೆ ಆ ನೀರಿನಿಂದಲೇ ನೆಲ ಒರೆಸಿದೆ. ಅಷ್ಟು ದೂರದಿಂದ ಹೊತ್ತು ತಂದ ನೀರು ಯಾಕೆ ಹಾಳು ಮಾಡಬೇಕು ಎಂದುಕೊಂಡೆ. ಕೊಡವನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ವಾಡಿ ಜಂಕ್ಷನ್ನಿನಲ್ಲಿ ಅವಳನ್ನು ಕಂಡೆ. ಗಂಟಿನ ಮೇಲೆ ಕುಳಿತಿದ್ದಳು, ಒಬ್ಬಳೇ. ನನ್ನನ್ನು ಗುರುತು ಹಿಡಿದು ಗಂಟು ಸರಿಸಿ ಜಾಗ ಮಾಡಿದಳು. "ಕುಂದ್ರಿ ಮುನ್ಶಿ ಸಾಬ್. ನೆಲ ಛಲೋ ಅದ ಏನ್ರಿ?" ಎಂದಳು, ಮನೆಯ ಕೂಸಿನ ಯೋಗಕ್ಷೇಮ ಕೇಳುವಂತೆ. ಅದರಲ್ಲಿ ಚುಚ್ಚುಮಾತು ಇತ್ತೋ ಇಲ್ಲವೋ ಇಂದಿಗೂ ತಿಳಿದಿಲ್ಲ. ಮೊಮ್ಮಗಳು ಓದಿದಳೇ ಎಂದು ಕೇಳಬೇಕೆಂದುಕೊಂಡೆ. ಉತ್ತರಕ್ಕೆ ಹೆದರಿ ಕೇಳಲಿಲ್ಲ. ಛಲೋ ಅದ ಎಂದಷ್ಟೇ ಹೇಳಿ, ನನ್ನ ರೈಲು ಇನ್ನೂ ಬಂದಿರದಿದ್ದರೂ ಎದ್ದು ನಡೆದೆ.

ಹುಡುಗರೇ, ಹೊರಗಿನವರ ಬಳಿಗೆ ಹೋಗುವ ಮುಂಚೆ ಮೊದಲು ಆ ಅಗಳಿ ಕಿತ್ತುಹಾಕಿ. ತಂಬಾಕಿಗೂ ಸಿಟ್ಟಿಗೂ ನಾನು ಸಭೆಯ ಕ್ಷಮೆ ಕೇಳಿದ್ದೇನೆ, ಬೇಕಾದದ್ದಕ್ಕಿಂತ ಹೆಚ್ಚು ಸಲ. ಕೇಳಬೇಕಾಗಿದ್ದದ್ದು ಒಬ್ಬಳ ಹತ್ತಿರ: ತಲೆಯ ಮೇಲೆ ನೀರು ಹೊತ್ತು ತಂದು ಮೊಮ್ಮಗಳ ಕಾಲು ತೊಳೆದು ಮುಚ್ಚಿದ ಬಾಗಿಲು ತಟ್ಟಿದ, ಭಂಕೂರಿನ ಆ ಆಯಿಯ ಹತ್ತಿರ.