ಬಾಗಿಲಿನ ಎಡಗಡೆ ಯಾವುದು

ಪರ್ಯಾದಿಯ ಮಾತು ಬಂದರೆ ನಮ್ಮೂರಿನವರು ಮೊದಲು ಅವನ ಹಂಚಿನ ಗುಣಗಾನ ಶುರುಮಾಡುತ್ತಾರೆ. ಅವನು ತಟ್ಟಿದ ಹಂಚು ಸೋರುವುದಿಲ್ಲ, ಡೊಂಕಾಗುವುದಿಲ್ಲ, ಗೂಡಿನಲ್ಲಿ ಸುಟ್ಟಾಗ ಬಿರುಕು ಬಿಡುವುದಿಲ್ಲ. ಎಲ್ಲ ನಿಜ. ನಾನು ಅವನ ಪಕ್ಕದ ಮನೆಯವಳು, ಒಂದೇ ಅಂಗಳದಲ್ಲಿ ಹಸಿ ಹಂಚು ಒಣಹಾಕುವವಳು. ಹಾಗಾಗಿ ಅವನ ಇನ್ನೊಂದು ಗುಣವೂ ನನಗೆ ಗೊತ್ತು. ಕಾಲ ಮೇಲೆ ಹಂಚಿನ ರಾಶಿ ಬಿದ್ದರೂ ಅವನ ಬಾಯಿಂದ ಅಯ್ಯೋ ಎಂಬ ಮಾತು ಹೊರಡುವುದಿಲ್ಲ. ಊರು ಅದನ್ನು ತಾಳ್ಮೆ ಅನ್ನುತ್ತದೆ. ನಾನು ಅದಕ್ಕೆ ಬೇರೆ ಹೆಸರಿಟ್ಟಿದ್ದೇನೆ, ಇಲ್ಲಿ ಬರೆಯುವಂಥದ್ದಲ್ಲ.

ಅವನು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಪ್ಪ ತೀರಿಹೋದ. ಅವ್ವನೂ ಹೆಚ್ಚು ದಿನ ಉಳಿಯಲಿಲ್ಲ. ಬೆಳೆಸಿದವಳು ಅಜ್ಜಿ, ಅವಳೂ ಅವನ ಮದುವೆಗೆ ಮುಂಚೆಯೇ ಮಣ್ಣಾದಳು. ಹೀಗೆ ಅವನ ಮನೆಯಲ್ಲಿ ಗಂಡಸರ ಕೆಲಸಗಳನ್ನು ಹೇಳಿಕೊಡುವ ಹಿರಿಯ ಅಂತ ಯಾರೂ ಇರಲೇ ಇಲ್ಲ. ಹಂಚು ತಟ್ಟುವುದನ್ನು ದೂರ ನಿಂತು ನೋಡಿ ಕಲಿತ. ಸುನ್ನತಿಗೆ ಹೇಗೆ ಕೂರಬೇಕು, ಹೆಣ್ಣು ಕೇಳಲು ಹೋದಾಗ ಏನು ಮಾತಾಡಬೇಕು, ಎಲ್ಲವನ್ನೂ ಕಂಡವರನ್ನು ನೋಡಿಯೇ ಕಲಿತ. ಕೇಳಿ ಕಲಿತದ್ದು ಒಂದೂ ಇಲ್ಲ.

ರುಮಿನಾ ಹೆತ್ತಳು, ಹೆಣ್ಣುಮಗು. ದಾದಿ ಮಾಸನ್ನು ಚೀಲದಲ್ಲಿ ಹಾಕಿ ಪರ್ಯಾದಿಯ ಕೈಗಿಟ್ಟಳು. ಮಾಸು ಅಂದರೆ ನಮ್ಮ ಜಾವಾ ಜನಕ್ಕೆ ಮಗುವಿನ ಒಡಹುಟ್ಟು. ಅದನ್ನು ತೊಳೆಯುವುದು, ಹೂಳುವುದು ಅಪ್ಪನ ಕೆಲಸ, ಬೇರೆ ಯಾರೂ ಕೈ ಹಾಕುವ ಹಾಗಿಲ್ಲ.

ಹಂಚು ತಿರುವಿಹಾಕುತ್ತಾ ನಾನು ಎಲ್ಲವನ್ನೂ ನೋಡಿದೆ. ಅವನು ತಲೆಗೆ ಸ್ನಾನ ಮಾಡಿದ. ಮದುವೆಯ ಬಾಟಿಕ್ ಅಂಗಿ ತೊಟ್ಟ. ಬಾವಿಕಟ್ಟೆಯಲ್ಲಿ ಕೂತು, ಮಗುವನ್ನೇ ಮೀಯಿಸುತ್ತಿದ್ದಾನೋ ಎಂಬಂತೆ ನಿಧಾನಕ್ಕೆ ತೊಳೆದ. ಬಿಳಿ ಬಟ್ಟೆ ಸುತ್ತಿ, ಉಪ್ಪು, ಅಕ್ಕಿ, ಸೂಜಿದಾರದ ಜೊತೆ ಮಡಕೆಯಲ್ಲಿಟ್ಟು, ಜೋಳಿಗೆಯಲ್ಲಿ ಎತ್ತಿಕೊಂಡು ಬಂದ. ಆ ಹೊತ್ತಿನಲ್ಲಿ ಅಪ್ಪ ಅತ್ತಿತ್ತ ನೋಡಿದರೆ ಮಗುವಿಗೆ ಮೆಳ್ಳಗಣ್ಣು ಬರುತ್ತದೆ ಅನ್ನುತ್ತಾರೆ. ನನ್ನ ಕೋಳಿಗಳು ಅವನ ಕಾಲಿಗೇ ಅಡ್ಡ ಬಂದರೂ ಪುಣ್ಯಾತ್ಮ ಕತ್ತು ಹೊರಳಿಸಲಿಲ್ಲ. ಗಂಡಾದರೆ ಬಾಗಿಲಿನ ಬಲಕ್ಕೆ, ಹೆಣ್ಣಾದರೆ ಎಡಕ್ಕೆ. ಬಾಗಿಲಿಗೆ ಮುಖಮಾಡಿ ನಿಂತು ಎಡಗಡೆ ಅಗೆದು ಹೂತ, ಮೇಲೆ ಚಿಮಣಿ ದೀಪವಿಟ್ಟು ಬುಟ್ಟಿ ಕವುಚಿದ. ಅವತ್ತು ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿದ್ದೂ ಓಡಾಡಿದ್ದೇ. ಅಷ್ಟು ದೊಡ್ಡ ನಗು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ, ನನಗೂ ಖುಷಿಯಾಯಿತು.

ಮಾರನೆಯ ಸಂಜೆಯಿಂದ ಮಗು ಅಳಲು ಹಿಡಿಯಿತು. ಹೊತ್ತು ಮುಳುಗುವಾಗ ಶುರುವಾದರೆ ಹಾಲಿಗೂ ನಿಲ್ಲದು, ಜೋಗುಳಕ್ಕೂ ನಿಲ್ಲದು. ಮಕ್ಕಳು ಅಳುತ್ತವೆ, ಅದೇನು ಹೊಸತಲ್ಲ. ಆದರೆ ಮಗು ನೋಡಲು ಬಂದ ಬೀದಿ ಕೊನೆಯ ಮನೆಯ ಸತಿನಿ ಹೊರಡುವಾಗ ಹೊಸ್ತಿಲಲ್ಲಿ ನಿಂತು, ದೀಪ ನೋಡಿ ರಾಗ ತೆಗೆದಳು.

"ಗಂಡುಮಗು ಅಲ್ವಲ್ಲ ಇದು? ದೀಪ ಯಾಕೆ ಬಲಗಡೆ ಇದೆ?"

"ಎಡಗಡೇನೇ ಇದೆಯಲ್ಲ," ಅಂದ ಪರ್ಯಾದಿ.

"ಒಳಗಿಂದ ಹೊರಗೆ ಬರೋವಾಗ ನೋಡ್ಬೇಕಪ್ಪ ಎಡ ಬಲ. ಮನೆಗೆ ಬೆನ್ನು ಕೊಟ್ಟು ನಿಂತ್ಕೊಂಡು ನೋಡು. ಒಡಹುಟ್ಟನ್ನ ಗಂಡುಮಕ್ಕಳ ಜಾಗದಲ್ಲಿ ಮಲಗಿಸಿದ್ದೀಯ. ಕೂಸು ಅಳದೆ ಇನ್ನೇನ್ ಮಾಡುತ್ತೆ?"

ಇಷ್ಟು ಹೇಳಿ, ಸೆರಗಲ್ಲಿ ಬಾಯಿ ಒರೆಸಿಕೊಂಡು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ಮನೆ ಮುಟ್ಟುವಷ್ಟರಲ್ಲಿ ಮರೆತಿರಬೇಕು. ತಟ್ಟೆ ತೊಳೆಯುತ್ತಿದ್ದ ನಾನೂ ಸತಿನಿಯ ಬಾಯಿ ಅಲ್ಲವೇ ಎಂದು ಬಿಟ್ಟೆ. ಕೇಳಿಸಿಕೊಂಡವನು ಬಿಡಲಿಲ್ಲ.

ಆಮೇಲೆ ಅವನು ಮನೆಯಲ್ಲಿ ನಿಲ್ಲುವುದೇ ಬಿಟ್ಟ. ಗೂಡಿಗೆ ಬೆಂಕಿ ಕಾಯುವ ತನ್ನ ಸರದಿ ಮುಗಿದರೆ ಇನ್ನೊಬ್ಬರದನ್ನೂ ಕೇಳಿ ಪಡೆದ. ನಮ್ಮಲ್ಲಿ ಮಗು ಹುಟ್ಟಿದ ಮನೆಗೆ ಐದು ದಿನ ಸಂಜೆ ಊರ ಗಂಡಸರು ಬಂದು ಕೂರಬೇಕು. ಚಾಪೆ ಹಾಸಿ, ಇಸ್ಪೀಟು ಆಡಿ, ಬೇಯಿಸಿದ ಕಡಲೆಕಾಯಿ ತಿಂದು, ಹೊಗೆ ಬಿಟ್ಟು ಹೋಗುತ್ತಾರೆ. ಪರ್ಯಾದಿ ಅವರ ಮುಂದೆ ಟೀ ಇಡುವನು, "ಬೆಂಕಿ ನೋಡ್ಕೊಂಡು ಬರ್ತೀನಿ" ಎನ್ನುವನು, ಮತ್ತೆ ಬರುತ್ತಿರಲಿಲ್ಲ.

ಬೈಕು ರಿಪೇರಿಯ ಮಿಸ್ರಾನನಿಗೆ ಇಷ್ಟು ಸಾಕಲ್ಲ. "ಹೆತ್ತಿದ್ದು ಹೆಂಡ್ತಿ, ಬೆಂಕಿ ಮುಂದೆ ಕೂತು ಮೈ ಕಾಯಿಸ್ಕೊಳ್ಳೋ ಬಾಣಂತಿ ಇವನು," ಎಂದು ಎಲೆ ಹಂಚಿದ. ಎಲ್ಲರೂ ನಕ್ಕರು. ಬಿದಿರ ತಟ್ಟಿಯ ಹಿಂದೆ ಮಗು ಎತ್ತಿಕೊಂಡು ಕೂತಿದ್ದ ರುಮಿನಾ ನಗಲಿಲ್ಲ.

ನಾಲ್ಕನೆಯ ದಿನ ಅವಳಿಗೆ ಎಣ್ಣೆ ಹಚ್ಚಲು ಹೋದಾಗ, ನನ್ನನ್ನು ಬುಲಿಕ್, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವಳೇ ಬಾಯಿಬಿಟ್ಟಳು.

"ಬುಲಿಕ್, ಹೆಣ್ಣಾಯ್ತು ಅಂತ ಅವರಿಗೆ ಬೇಜಾರು."

"ಯಾರು ಹೇಳಿದ್ದು?"

"ಹೇಳ್ಬೇಕಾ? ಮೊದಲ ದಿನ ಎತ್ಕೊಂಡಿದ್ದೇ ಕೊನೆ, ಆಮೇಲೆ ಮುಟ್ಟಿಲ್ಲ. ಅತ್ತರೆ ಎದ್ದು ಹೊರಟುಬಿಡ್ತಾರೆ. ಅಣ್ಣನಿಗೆ ಹೇಳಿ ಕಳಿಸಿದ್ದೀನಿ. ನಾಳೆ ಹೆಸರಿಡೋದು ಮುಗೀಲಿ, ಅಮ್ಮನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

ಅವಳು ಮಗುವಿನ ಬಟ್ಟೆ ಮಡಿಸಿ ಗಂಟಿಗೆ ಹಾಕಿದಳು. ನನ್ನ ಕೈಯ ಎಣ್ಣೆ ಕೈಯಲ್ಲೇ ಉಳಿಯಿತು.

ಐದನೆಯ ದಿನ ಹೆಸರಿಡುವ ಊಟಕ್ಕೆ ಹೆಂಗಸರೆಲ್ಲ ಸೇರಿ ಸೊಪ್ಪು ಬೇಯಿಸುತ್ತಿದ್ದೆವು, ತೆಂಗಿನಕಾಯಿ ತುರಿಯುತ್ತಿದ್ದೆವು. ಮಧ್ಯಾಹ್ನಕ್ಕೇ ರುಮಿನಾಳ ಅಣ್ಣ ಗುನಾದಿ ರೈಲಿಳಿದು ಬಂದ. ಮನೆಯ ಯಜಮಾನನ ಪತ್ತೆಯಿಲ್ಲ. ಸೌಟು ಬಿಸಾಕಿ ಗೂಡಿನ ಕಡೆ ನಡೆದೆ. ಸಿಕ್ಕಿದರೆ ಎರಡು ಬಿಗಿಯಬೇಕು ಎಂದೇ ಹೋಗಿದ್ದೆ.

ಗೂಡಿನ ಹಿಂದೆ, ಸೌದೆ ಒಟ್ಟಿದ ಕಡೆ ಕೂತಿದ್ದ. ಕಣ್ಣು ಕೆಂಡವಾಗಿದ್ದವು, ಗಡ್ಡ ಬೆಳೆದಿತ್ತು. ತೊಡೆಯ ಮೇಲೆ ಗೋಣಿಯಲ್ಲಿ ಸುತ್ತಿದ ಸನಿಕೆ.

"ಏನದು?"

"ಎಲ್ಲರೂ ಊಟ ಮಾಡಿ ಹೋದಮೇಲೆ ಮಾಸನ್ನ ಅಗೆದು ತೆಗೆದು ಬಾಗಿಲಿನ ಇನ್ನೊಂದು ಕಡೆ ಹೂಳ್ತೀನಿ."

"ತಲೆ ಕೆಟ್ಟಿದೆಯಾ? ಒಂದ್ಸಲ ಮಣ್ಣಿಗೆ ಕೊಟ್ಟಿದ್ದನ್ನ ಯಾರಾದ್ರೂ ಅಗೀತಾರಾ?"

"ಅಗೀಬಾರದು ಅಂತಾನೂ ಗೊತ್ತು. ಅಗೀದಿದ್ರೆ ಅವಳು ಅಳ್ತಾನೇ ಇರ್ತಾಳೆ. ಮೊದಲನೇ ಕೆಲಸ ಬುಲಿಕ್, ಅಪ್ಪ ಆಗಿ ನಾನು ಮಾಡಿದ ಮೊದಲನೇ ಕೆಲಸ. ಅದನ್ನೇ ಕೆಡಿಸಿಟ್ಟೆ. ಅವಳು ಅತ್ತಾಗೆಲ್ಲ ನನ್ನನ್ನೇ ಬೈದ ಹಾಗಾಗುತ್ತೆ. ಎತ್ಕೊಳ್ಳೋಕೆ ಧೈರ್ಯ ಬರಲ್ಲ. ಕಣ್ಣು ಮುಚ್ಚಿದ್ರೆ ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ."

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಿಗಿಯಬೇಕೆಂದಿದ್ದ ಕೈ ಮೇಲೇಳಲಿಲ್ಲ. ಅವನ ಪಕ್ಕದಲ್ಲೇ ಕೂತೆ.

"ಯಾರನ್ನಾದ್ರೂ ಕೇಳಿದ್ಯಾ?"

"ಯಾರನ್ನ ಕೇಳ್ಲಿ? ಅವರಿಗೆಲ್ಲ ಅವರವರ ಅಪ್ಪ ಹೇಳ್ಕೊಟ್ಟಿರ್ತಾರೆ. ಇಷ್ಟೂ ಗೊತ್ತಿಲ್ವಾ ಅಂತ ನಗ್ತಾರೆ."

"ನಗ್ತಾರೆ. ನಗ್ಲಿ. ನಕ್ಕರೆ ನಿನ್ನ ಹಲ್ಲು ಉದುರುತ್ತಾ? ಗುನಾದಿ ಬಂದು ಕೂತಿದ್ದಾನೆ. ನಿನಗೆ ಹೆಣ್ಣುಮಗು ಬೇಡ ಅಂತ ರುಮಿನಾ ಗಂಟು ಕಟ್ಟಿದ್ದಾಳೆ. ನೀನು ಇವತ್ತು ಕೇಳದಿದ್ರೆ ನಾಳೆ ನಿನ್ನ ಮನೇಲಿ ಅಳೋಕೆ ಮಗೂನೇ ಇರಲ್ಲ."

ಹೆಂಡತಿ ಹೀಗೆ ತಿಳಿದಿರಬಹುದು ಎಂಬುದು ಆ ಮಂಕನಿಗೆ ಹೊಳೆದೇ ಇರಲಿಲ್ಲ. ಸನಿಕೆಯನ್ನು ಅಲ್ಲೇ ಬಿಟ್ಟು ನನ್ನ ಹಿಂದೆ ಬಂದ.

ಸಂಜೆ ಚಾಪೆ ತುಂಬ ಜನ. ಎಲೆ ಹಂಚುವವನು ನನ್ನ ಗಂಡ ದರ್ಸೊ, ಪಕ್ಕದಲ್ಲಿ ಮಿಸ್ರಾನ್, ಗೋಡೆಗೊರಗಿ ಊರಿಗೆಲ್ಲ ದುವಾ ಓದುವ ಕ್ರೊಮೊ ಅಜ್ಜ. ಗುನಾದಿ ಬಾಗಿಲ ಬಳಿ ಕೂತಿದ್ದ, ಟೀ ಮುಟ್ಟಿರಲಿಲ್ಲ. ತಟ್ಟಿಯ ಹಿಂದೆ ನಾನು, ರುಮಿನಾ, ಕಿರುಚುತ್ತಿರುವ ಮಗು. ತಟ್ಟಿಯ ಸಂದಿಯಿಂದ ಎಲ್ಲ ಕಾಣುತ್ತಿತ್ತು.

ಪರ್ಯಾದಿ ಟೀ ಇಟ್ಟ. ಹೋಗಲಿಲ್ಲ, ಚಾಪೆಯ ತುದಿಯಲ್ಲಿ ಕೂತ.

"ಏನು, ಬೆಂಕಿ ಆರಿಹೋಯ್ತಾ?" ಅಂದ ಮಿಸ್ರಾನ್.

ಪರ್ಯಾದಿ ನೆಲ ನೋಡುತ್ತಾ, ಅಣ್ಣ ಎಂದು ಕರೆದ ಹಾಗೆ ಕಾಂಗ್ ಎಂದು ಕರೆದು ನನ್ನ ಗಂಡನನ್ನು ಕೇಳಿದ: "ಕಾಂಗ್ ದರ್ಸೊ, ಬಾಗಿಲಿನ ಎಡಗಡೆ ಅಂದ್ರೆ ಒಳಗಿಂದ ನೋಡಿದ್ರೋ, ಹೊರಗಿಂದ ನೋಡಿದ್ರೋ? ನಾನು ಹೊರಗಿಂದ ನೋಡಿ ಹೂತೆ. ತಪ್ಪಾಯ್ತು ಅನ್ಸುತ್ತೆ. ಆವತ್ತಿಂದ ನಿದ್ದೆ ಇಲ್ಲ. ಮಗೂನ ಮುಟ್ಟೋಕೂ ಭಯ ಆಗುತ್ತೆ."

ಎಲೆಗಳು ಕೈಯಲ್ಲೇ ನಿಂತವು. ರುಮಿನಾ ನನ್ನ ತೋಳು ಹಿಡಿದುಕೊಂಡಳು.

"ಹೊರಗಿಂದಾನೇ," ಅಂದ ಮಿಸ್ರಾನ್.

"ಏ, ಒಳಗಿಂದ," ಅಂದ ಇನ್ನೊಬ್ಬ. "ನಮ್ಮಪ್ಪ ಒಳಗಿಂದಾನೇ ನೋಡಿದ್ದು."

"ನಿಮ್ಮಪ್ಪನಿಗೆ ಮನೆ ಬಾಗಿಲೇ ಸರಿಯಾಗಿ ಸಿಗ್ತಿರಲಿಲ್ಲ, ಎಡ ಬಲ ಎಲ್ಲಿಂದ ಸಿಗ್ಬೇಕು?"

ಶುರುವಾಯಿತು. ಒಬ್ಬ ಎದ್ದು ಬಾಗಿಲಲ್ಲಿ ನಿಂತು ಕೈ ಚಾಚಿ ತೋರಿಸಿದ, ಇನ್ನೊಬ್ಬ ಅವನನ್ನು ಹಿಡಿದು ತಿರುಗಿಸಿದ. ಅಷ್ಟು ಗಂಡಸರಲ್ಲಿ ಇಬ್ಬರ ಮಾತು ಕೂಡಲಿಲ್ಲ. ಕೊನೆಗೆ ಮಿಸ್ರಾನ್ ತಲೆ ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ, ನಾನು ಒಂದು ಕಡೆ ಅಗೆದಾಗ ಕಲ್ಲು ಬಂತು. ಇನ್ನೊಂದು ಕಡೆ ಮಣ್ಣು ಮೆತ್ತಗಿತ್ತು. ಮೆತ್ತಗಿದ್ದ ಕಡೆ ಹೂತುಬಿಟ್ಟೆ. ಯಾರಿಗೂ ಹೇಳಿಲ್ಲ."

ಆಗ ನನ್ನ ಗಂಡ ಕೆಮ್ಮಿದ. "ನಾನು ಹೂತೇ ಇಲ್ಲ ಕಣ್ರೋ. ತೊಳೆಯೋಕೆ ಕೂತವನು ತಲೆ ತಿರುಗಿ ಬಾವಿ ಹತ್ರ ಬಿದ್ದೆ. ನಮ್ಮವ್ವ ಎಲ್ಲೋ ಹೂತಳು. ಎಲ್ಲಿ ಅಂತ ನನಗಿವತ್ತಿಗೂ ಗೊತ್ತಿಲ್ಲ."

ನನ್ನ ಹಿರಿಮಗನಿಗೆ ಮೀಸೆ ಬಂದು ಎಷ್ಟೋ ವರ್ಷವಾಯಿತು. ಇಷ್ಟೂ ಕಾಲ ಈ ಮನುಷ್ಯ ಬಾಗಿಲ ಬದಿ ತೋರಿಸಿ, ಇಲ್ಲೇ ನೀಟಾಗಿ ಹೂತೆ ಎಂದು ಎದೆಯುಬ್ಬಿಸುತ್ತಿದ್ದ. ತಟ್ಟಿಯಾಚೆಯಿಂದಲೇ "ಮನೆಗೆ ಬನ್ನಿ, ಮಾತಾಡೋಣ" ಅಂದೆ. ಮಿಸ್ರಾನ್ ಹೊಟ್ಟೆ ಹಿಡಿದು ಉರುಳಾಡಿದ. ಗುನಾದಿಯೂ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಪರ್ಯಾದಿಯೂ ನಕ್ಕ, ನಗುತ್ತಲೇ ಅತ್ತ. ಯಾರೂ ಆಡಿಕೊಳ್ಳಲಿಲ್ಲ, ನನ್ನ ಗಂಡ ಕಡಲೆಕಾಯಿಯ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದ.

"ಹಾಗಾದ್ರೆ ಸರಿ ಯಾವುದು ಅಜ್ಜ?" ಎಂದು ಪರ್ಯಾದಿ ಮೂಗು ಒರೆಸಿಕೊಂಡು ಕೇಳಿದ.

ಕ್ರೊಮೊ ಅಜ್ಜ ಸಾವಕಾಶವಾಗಿ ಸಿಪ್ಪೆ ಬಿಡಿಸುತ್ತಿದ್ದರು. "ಅಷ್ಟು ಚಿಂತೆ ಇದ್ರೆ ಆ ಕಡೆಗೂ ಒಂದು ದೀಪ ಇಡು, ಸೀಮೆಎಣ್ಣೆ ನಾನು ಕೊಡ್ತೀನಿ. ಐದು ಸಂಜೆ ನಾವಿಲ್ಲಿ ಬಂದು ಕೂರೋದು ಮಗು ಕಾಯೋಕೆ ಅಂದ್ಕೊಂಡ್ಯಾ? ಮಗೂನ ತಾಯಿ ಕಾಯ್ತಾಳೆ. ನಾವು ಕಾಯೋಕೆ ಬರೋದು ನಿನ್ನ. ನೀನು ನೋಡಿದ್ರೆ ಟೀ ಕೊಟ್ಟು ಓಡಿಹೋಗ್ತೀಯ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಿಸ್ರಾನನೇ ಎದ್ದು ಇನ್ನೊಂದು ದೀಪ ಹಚ್ಚಿದ.

ತಟ್ಟಿಯ ಹಿಂದೆ ನನ್ನ ಪಕ್ಕ ಖಾಲಿಯಾಗಿತ್ತು. ರುಮಿನಾ ಮಗುವಿನೊಂದಿಗೆ ಗಂಡಸರ ನಡುವೆ ಹೋಗಿ ನಿಂತಿದ್ದಳು.

"ನನಗೆ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು. ದನಿ ಗಡುಸಾಗಿಯೇ ಇತ್ತು, ಕಣ್ಣು ತುಂಬಿದ್ದವು. "ಹೆಣ್ಣಾಯ್ತು ಅಂತ ದೂರ ಮಾಡ್ತಿದ್ದೀರಿ ಅಂದ್ಕೊಂಡೆ. ತಗೊಳ್ಳಿ."

ಅವನು ಕೈ ಒರೆಸಿಕೊಂಡು ಮಗುವನ್ನು ತೆಗೆದುಕೊಂಡ. ಅದೇನು ಪವಾಡವಾಗಲಿಲ್ಲ. ಅಪ್ಪನ ಕೈಯಲ್ಲಿ ಮಗು ಇನ್ನೂ ಜೋರಾಗಿ ಅತ್ತಿತು. "ಹಿಂಗೇ ಅಳುತ್ತೆ, ನಡೆದಾಡು," ಅಂದ ನನ್ನ ಗಂಡ, ಬಾವಿಕಟ್ಟೆಯಲ್ಲಿ ಬಿದ್ದ ಮಹಾನುಭಾವ. ಪರ್ಯಾದಿ ನಡೆದಾಡಿದ. ಅಜ್ಜ ಹೆಸರು ಕೇಳಿದಾಗಲೂ ನಡೆಯುತ್ತಲೇ, ಅಳುವಿಗಿಂತ ಎತ್ತರದ ದನಿಯಲ್ಲಿ "ವಿನಾರ್ಸಿ" ಎಂದ. ದುವಾ ಓದುವಾಗಲೂ ನಡೆದ. ಗುನಾದಿ ತಣ್ಣಗಾದ ಟೀ ಕುಡಿದು, ಚಾಪೆಯ ಮೇಲೆ ಜಾಗ ಮಾಡಿಕೊಂಡು, ತನಗೂ ಎಲೆ ಹಾಕಲು ಹೇಳಿದ.

ರುಮಿನಾಗೆ ಬಿಸಿ ಅನ್ನ, ಕಾಯಿತುರಿ ಕಲಸಿದ ಸೊಪ್ಪು ಬಡಿಸಿದೆ. ಅಂಗಳದಿಂದ ಅಳು ಕೇಳಿಸುತ್ತಲೇ ಇತ್ತು. ಒಂದು ಸಲ ಏಳಲು ನೋಡಿದಳು, ಮತ್ತೆ ಕೂತಳು. ಹೆತ್ತಮೇಲೆ ಮೊದಲ ಬಾರಿಗೆ ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳದೆ ಊಟ ಮಾಡಿದಳು, ಇನ್ನೊಮ್ಮೆ ಅನ್ನ ಹಾಕಿಸಿಕೊಂಡಳು.