ಚಕ್ರದ ಮುಂದಿನ ಒಲೆ

ಹಾಲೇಶಪ್ಪನವರು ಅನ್ನವನ್ನು ಕಿವಿಯಿಂದ ಬೇಯಿಸುತ್ತಿದ್ದರು. ಕೊಪ್ಪರಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಟವೆಲ್ಲನ್ನು ತಲೆಗೆ ಸುತ್ತಿ, ಕತ್ತು ಓರೆ ಮಾಡಿ ಕುದಿಯುವ ಸದ್ದು ಕೇಳುವರು. ಅಗುಳನ್ನು ಬೆರಳಲ್ಲಿ ಹಿಸುಕಿ ನೋಡುವುದೆಂದರೆ ಅವರಿಗೆ ಅವಮಾನ. "ಹಿಸುಕಿ ನೋಡಾಕೆ ಅದೇನು ಮಾವಿನಹಣ್ಣೇನ್ರಿ? ಬೆಂದಾಗ ಅದೇ ಹೇಳ್ತೈತೆ, ಸುಮ್ನಿರ್ರಿ" ಅನ್ನುವರು. ಗಳಗಳ ಸದ್ದು ಲೊಚಲೊಚಕ್ಕೆ ಇಳಿದ ಗಳಿಗೆಗೆ ಸರಿಯಾಗಿ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುವರು. ನಲವತ್ತು ಜನರ ಅನ್ನ ಒಂದಕ್ಕೊಂದು ಅಂಟದೆ ಉದುರುದುರಾಗಿ ಎಲೆಗೆ ಬೀಳುತ್ತಿತ್ತು.

ಸವಳಂಗದ ಈ ಅಡುಗೆಯವರನ್ನು ನಮ್ಮ ಕಡೆ ಕೆಲವರು ಈಗಲೂ 'ಬಸ್ಸಿಗೆ ಬೆಂಕಿ ಇಡಾಕೆ ಹೋಗಿದ್ದ ಹಾಲೇಶ' ಎಂದು ನೆನೆಯುತ್ತಾರೆ. ಅದು ಸುಳ್ಳು. ಆ ಬಸ್ಸಿನ ಮೊದಲನೇ ಸೀಟಿನಲ್ಲಿ ನಾನಿದ್ದೆ. ನಡೆದದ್ದೆಲ್ಲ ಗಾಜಿನಾಚೆ, ಐದಾರು ಅಡಿ ದೂರದಲ್ಲಿ ನಡೆಯಿತು.

ಎಂಬತ್ತರ ದಶಕದ ಶುರುವಿನ ಮಾತು. ದೀಪಾವಳಿ ಮುಗಿದ ಮೇಲೆ ಹೊನ್ನಾಳಿಯಿಂದ ಕಾಶಿಗೆ, ಅಲ್ಲಿಂದ ಕಠ್ಮಂಡುವಿಗೆ ಯಾತ್ರೆಯ ಬಸ್ಸು ಹೊರಡುತ್ತಿತ್ತು. ಬಸ್ಸಿನ ನೆತ್ತಿಯ ಮೇಲೆ ಅಕ್ಕಿಮೂಟೆ, ಕೊಪ್ಪರಿಗೆ, ಕಟ್ಟಿಗೆ, ಮುತ್ತುಗದ ಎಲೆಯ ಕಟ್ಟು. ನೀರು ಕಂಡಲ್ಲಿ ಇಳಿದು ಅಡುಗೆ. ನಾನಾಗ ಬಿ.ಎ. ಮುಗಿಸಿದ್ದೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಪಶುಪತಿನಾಥನನ್ನು ನೋಡಲೇಬೇಕೆಂದು ಅವ್ವ ಹಟ ಹಿಡಿದಿದ್ದಳು. ಶಿವಮೊಗ್ಗ ದಾಟಿ ಆಚೆ ಹೋದವಳಲ್ಲ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ನಾನು ಜೊತೆಗೆ ಹೊರಟೆ.

ಹಾಲೇಶಪ್ಪನವರು ಎಂಥವರೆಂದು ಮೊದಲ ದಿನದ ಊಟಕ್ಕೇ ತಿಳಿಯಿತು. ಬಿಳಿಚೋಡಿನಿಂದ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ತಿಪ್ಪಮ್ಮನವರೊಂದಿಗೆ ಬಂದಿದ್ದರು. ಬೌದ್ಧರು, ಬುದ್ಧ ಹುಟ್ಟಿದ ಜಾಗ ನೋಡುವ ಆಸೆಯಿಂದ ಹೊರಟವರು. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಪಂಕ್ತಿಯಲ್ಲಿ ಅವರನ್ನು ಕಂಡು, "ಹಾಲೇಶ, ಇವರಿಗೆ ಆ ಮರದ ಕೆಳಗೆ ಹಾಕಪ್ಪ" ಎಂದರು. ಹಾಲೇಶಪ್ಪ ಸೌಟು ಕೊಪ್ಪರಿಗೆಯೊಳಗೇ ಬಿಟ್ಟು ಸೊಂಟದ ಮೇಲೆ ಕೈಯಿಟ್ಟರು.

"ಸಾವ್ಕಾರ್ರೆ, ನಂದು ಒಂದೇ ಕೊಪ್ಪರಿಗೆ, ಒಂದೇ ಪಂಕ್ತಿ. ಮರದ ನೆಳ್ಳು ಅಷ್ಟು ಚಂದ ಕಂಡ್ರೆ ನೀವೇ ಹೋಗಿ ಕುಂದ್ರಿ. ಅಲ್ಲಿಗೇ ತಂದು ಬಡಿಸ್ತೀನಿ, ಉಪಾಸ ಕೆಡವಾಕಿಲ್ಲ."

ಸಾಹುಕಾರರು ಕೂತಲ್ಲೇ ಉಂಡರು.

ಕಠ್ಮಂಡುವಿನ ಆ ದಿನ ಬೆಳಗಿನಿಂದಲೇ ಕೆಟ್ಟಿತ್ತು. ಚಳಿಗೆ ಬಸ್ಸು ಸ್ಟಾರ್ಟ್ ಆಗದೆ ಗಂಡಸರೆಲ್ಲ ತಳ್ಳಿದರು. ಬೆಟ್ಟದ ಗುಡಿಯಲ್ಲಿ ಕೋತಿಯೊಂದು ಯಾತ್ರೆಯ ಮ್ಯಾನೇಜರರ ಕನ್ನಡಕ ಕಿತ್ತುಕೊಂಡು ಗೋಪುರ ಹತ್ತಿತು. ಅಡಿಕೆ ಸಾಹುಕಾರರು ಬೀದಿಯಲ್ಲಿ ಫಾರಿನ್ ಟೇಪ್ ರೆಕಾರ್ಡರ್ ಕೊಂಡು, ಬಸ್ಸಿನಲ್ಲಿ ಡಬ್ಬ ಬಿಚ್ಚಿದರೆ ಒಳಗೆ ಎರಡು ಇಟ್ಟಿಗೆ. "ಮನಿ ಕಟ್ಟಿಸಾಕೆ ಶುರು ಮಾಡ್ರಿ ಸಾವ್ಕಾರ್ರೆ" ಎಂದು ಹಾಲೇಶಪ್ಪ ಹೇಳಿದಾಗ ಅವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದಳು.

ಪಶುಪತಿನಾಥನ ದರ್ಶನ ಮುಗಿಸಿ ಹೊರಗೆ ಬಂದಾಗ ಮಡಚುವ ಕೊಡೆಗಳ ಅಂಗಡಿ ಕಂಡಿತು. "ಇಲ್ಲೇ ನಿಂತಿರವ್ವ, ಈಗ ಬಂದೆ" ಎಂದು ಹೋದೆ. ಹತ್ತು ನಿಮಿಷವೂ ಆಗಿರಲಿಲ್ಲ. ತಿರುಗಿ ಬಂದರೆ ಅವ್ವ ಇಲ್ಲ.

ಬಸ್ಸಿನ ಹತ್ತಿರ ಹೋಗಿರಬಹುದು ಎಂದು ಓಡಿದೆ. ಮೈದಾನದಲ್ಲಿ ಪಂಕ್ತಿ ಕೂತಿತ್ತು. ಹಾಲೇಶಪ್ಪ ಬಡಿಸುತ್ತ ಬಂದು ಅವ್ವನ ಎಲೆಯ ಮುಂದೆ ನಿಂತರು. "ಗೌರಮ್ಮನ ಎಲಿ ಖಾಲಿ ಐತಲ್ಲ, ಎಲ್ಲಿ?" ಎಂದರು. ಎಲ್ಲೂ ಕಾಣುತ್ತಿಲ್ಲ ಎಂದೆ. ಗುಡಿ, ಹೊಳೆಯ ಮೆಟ್ಟಿಲು, ಹೆಣ ಸುಡುವ ಕಟ್ಟೆ, ಸಂದಿಗಳನ್ನೆಲ್ಲ ಸುತ್ತಿದೆವು. ಪೊಲೀಸ್ ಚೌಕಿಯಲ್ಲಿ ಏನೋ ಬರೆದುಕೊಂಡರು. ಅವ್ವನ ಸೊಂಟದಲ್ಲಿ ಎಲೆಯಡಿಕೆ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ತಾನು ಯಾವ ದೇಶದಲ್ಲಿದ್ದೇನೆ ಎನ್ನುವುದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ನೇಪಾಳದಲ್ಲಿ ಓಡಲು ಬಸ್ಸಿಗಿದ್ದ ಪರವಾನಗಿ ಮರುದಿನ ಬೆಳಿಗ್ಗೆ ಮುಗಿಯುತ್ತಿತ್ತು. ಎರಡು ಗಂಟೆಗೆ ಹೊರಡದಿದ್ದರೆ ಹಗಲಿನಲ್ಲಿ ಘಾಟಿ ಇಳಿಯಲಾಗದು ಎಂದು ಮ್ಯಾನೇಜರರು ಗಡಿಬಿಡಿ ಮಾಡಿದರು. ನನ್ನನ್ನು ಪಕ್ಕಕ್ಕೆ ಕರೆದು, "ನೀನು ಓದ್ದೋಳು, ನಿನಗೆ ರೂಲ್ಸು ಅರ್ಥ ಆಗ್ತೈತೆ. ಪೊಲೀಸ್ನೋರು ಹುಡುಕಿ ಕಳಿಸ್ತಾರೆ" ಎಂದು ಒಂದು ಹಾಳೆ ಚಾಚಿದರು. ತಾಯಿ ತಾವಾಗಿಯೇ ಗುಂಪು ಬಿಟ್ಟು ಹೋಗಿದ್ದಾರೆ, ಬಸ್ಸು ಹೊರಡಲು ನನ್ನ ತಕರಾರಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಇಳಿದರೆ ಆ ಊರಿನಲ್ಲಿ ಒಬ್ಬಳೇ ಉಳಿಯಬೇಕಿತ್ತು. ಹೆದರಿದೆ. ಸಹಿ ಹಾಕಿದೆ. ಹಾಕಿ, ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ.

ಕೂತಾಗಲೇ ಕಂಡದ್ದು, ಮುಂದಿನ ಚಕ್ರದ ನೇರಕ್ಕೆ, ಬಂಪರಿಗೆ ಮೂರಡಿ ದೂರದಲ್ಲಿ ಮೂರು ಕಲ್ಲು, ಕಲ್ಲಿನ ಮೇಲೆ ಕೊಪ್ಪರಿಗೆ, ಕೆಳಗೆ ಧಗಧಗ ಬೆಂಕಿ. ರಾತ್ರಿಯ ಬುತ್ತಿಗೆ ಎಂದು ಎಲ್ಲರೂ ತಿಳಿದಿದ್ದರು. ಎಸರು ಕುದಿಯುತ್ತಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಹಾಲೇಶಪ್ಪ ಅದಕ್ಕೆ ಅಕ್ಕಿ ಸುರಿದರು.

"ಏಯ್, ಇಳಿಸೋ ಅದನ್ನ! ಗಾಡಿ ಹೊರಡ್ತೈತೆ" ಎಂದರು ಮ್ಯಾನೇಜರ್.

ನಮ್ಮ ಕಡೆ ಅರೆಬೆಂದ ಅನ್ನವನ್ನು ಒಲೆಯಿಂದ ಇಳಿಸುವುದು ಮನೆಯಲ್ಲಿ ಸಾವಾದಾಗ ಮಾತ್ರ. ಬಸ್ಸಿನಲ್ಲಿದ್ದ ಎಲ್ಲರಿಗೂ ಅದು ಗೊತ್ತು. ಹಾಲೇಶಪ್ಪನವರಿಗಂತೂ ಗೊತ್ತೇ ಇತ್ತು.

"ಇಳಿಸ್ತೀನ್ರಿ" ಎಂದರು ಶಾಂತವಾಗಿ. "ಯಾರು ಸತ್ತಾರೆ ಹೇಳ್ರಿ. ಗೌರಮ್ಮ ಸತ್ತಾಳೆ ಅಂತ ಬಾಯಿಬಿಟ್ಟು ಒಬ್ರು ಹೇಳ್ರಿ, ಈಗ್ಲೇ ಇಳಿಸ್ತೀನಿ."

"ಮಗಳೇ ಸೈನ್ ಹಾಕ್ಯಾಳೆ, ನಿಂದೇನೋ?" ಮ್ಯಾನೇಜರ್ ಹಾಳೆ ಝಾಡಿಸಿದರು. ಹಾಲೇಶಪ್ಪ ಕೈ ಚಾಚಿ ಅದನ್ನು ಇಸಿದುಕೊಂಡರು. ಗಾಜಿನೊಳಗಿಂದ ನನ್ನ ಕಡೆ ಒಂದು ಸಲ ನೋಡಿದರು. "ನಂಗೆ ಓದಾಕೆ ಬರಾಕಿಲ್ಲ" ಎಂದು ಒಲೆಗೆ ಹಾಕಿದರು.

ಮ್ಯಾನೇಜರ್ ಕೆಂಡವಾದರು. "ಸ್ವಲ್ಪ ಮುಂದಕ್ಕೆ ಬಿಡೋ, ಎದ್ದು ಓಡ್ತಾನೆ" ಎಂದು ಡ್ರೈವರನಿಗೆ ಕೂಗಿದರು. ಬಸ್ಸು ಅಲುಗಿತು. ಒಂದಡಿ, ಎರಡಡಿ. ಹಾಲೇಶಪ್ಪ ಕುಕ್ಕರಗಾಲಿನಲ್ಲೇ ಇದ್ದರು. ಅವರ ಒಂದು ಭುಜ ಬಂಪರಿನ ದಾರಿಗೆ ಅಡ್ಡ ಇತ್ತು. ಕತ್ತು ಓರೆ ಮಾಡಿ ಅನ್ನದ ಸದ್ದು ಕೇಳುತ್ತಿದ್ದರು, ಬಸ್ಸಿನದಲ್ಲ. ಬಂಪರು ಅವರ ಭುಜ ಸವರಿ ಕೊಪ್ಪರಿಗೆಗೆ ತಾಗಿ ಠಣ್ಣೆಂದಿತು. ಕುದಿಯುವ ಗಂಜಿ ತುಳುಕಿ ಅವರ ಬಲಗಾಲ ಮೇಲೆ ಸುರಿಯಿತು. ಬೆಂಕಿ ಬಂಪರಿನ ಅಡಿಗೆ ನಾಲಿಗೆ ಚಾಚಿತು. ನಾನು ಚೀರಿದೆನೋ ಇಲ್ಲವೋ ನೆನಪಿಲ್ಲ. ಆ ಠಣ್ಣೆನ್ನುವ ಸದ್ದು ಮಾತ್ರ ಇವತ್ತಿಗೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನನ್ನ ಬೆನ್ನ ಹುರಿಯಲ್ಲಿ ಏಳುತ್ತದೆ. ಅವರು ಏಳಲಿಲ್ಲ. ಹಲ್ಲು ಕಚ್ಚಿ, ಟವೆಲ್ಲಿನಿಂದ ಕಾಲು ಒರೆಸಿಕೊಂಡು, "ಇನ್ನೂ ಅರ್ಧ ಬೆಂದಿಲ್ಲ" ಎಂದರು.

ಡ್ರೈವರ್ ಬಸ್ಸನ್ನು ಹಿಂದಕ್ಕೆ ಎಳೆದು, ಇಂಜಿನ್ ಆರಿಸಿ, ಕೀಲಿಯನ್ನು ಮ್ಯಾನೇಜರರ ಕಾಲಬುಡಕ್ಕೆ ಎಸೆದ. "ಬೇಕಾದ್ರೆ ನೀವೇ ಹಾಯಿಸ್ರಿ" ಎಂದ.

ಮೊದಲು ಇಳಿದವರು ತಿಪ್ಪಮ್ಮ. ತಂಬಿಗೆಯಲ್ಲಿ ನೀರು ತಂದು ಸುಟ್ಟ ಕಾಲಿಗೆ ಸುರಿದು, ಒಲೆಯ ಇನ್ನೊಂದು ಮಗ್ಗುಲಿಗೆ ಕೂತರು. ಹಿಂದೆಯೇ ಮೇಷ್ಟ್ರು. ಅವರ ಹಿಂದೆ ಒಬ್ಬೊಬ್ಬರೇ, ಕೊನೆಗೆ ಅಡಿಕೆ ಸಾಹುಕಾರರೂ. ನಾನು ಎಲ್ಲರಿಗಿಂತ ಕೊನೆಯವಳು.

ಹಾಲೇಶಪ್ಪ ನೀರು ಹಾಕುತ್ತ, ಉರಿ ಸಣ್ಣ ಮಾಡುತ್ತ ಅನ್ನ ಬೇಯದಂತೆ ಕಾದರು. ಕಡೆಗೆ ಅದು ಅಂಬಲಿಯಂತಾಯಿತು. ಜೀವಮಾನದಲ್ಲಿ ಅವರು ಕೆಡಿಸಿದ ಒಂದೇ ಅನ್ನ ಅದಿರಬೇಕು.

ನಾಲ್ಕೂವರೆಗೆ ತೆಲುಗಿನವರ ಇನ್ನೊಂದು ಯಾತ್ರೆಯ ಬಸ್ಸು ಮೈದಾನಕ್ಕೆ ಬಂತು. ಅದರ ನೆತ್ತಿಯ ಮೇಲೂ ಕೊಪ್ಪರಿಗೆ, ಎಲೆಯ ಕಟ್ಟು. ಅವ್ವ ಅದರಿಂದ ಇಳಿದಳು. ನಿಂತು ಕಾಲು ನೋವಾಗಿ, ಕೊಪ್ಪರಿಗೆ ಕಂಡ ಬಸ್ಸೇ ನಮ್ಮದೆಂದು ಹತ್ತಿ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದಳಂತೆ. ಆ ತೆಲುಗಿನವರು ಊರಾಚೆಯ ಇನ್ನೊಂದು ಗುಡಿಗೆ ಹೋಗಿ ಊಟಕ್ಕೆ ಎಬ್ಬಿಸಿದಾಗಲೇ ಗೊತ್ತಾದದ್ದು.

"ಬಾರವ್ವಾ, ಉಣ್ಣು. ಅನ್ನ ಒಂಚೂರು ಮೆತ್ತಗಾಗೈತೆ" ಎಂದರು ಹಾಲೇಶಪ್ಪ.

ಒಲೆಯ ಕತೆ ಅವ್ವನಿಗೆ ಎಲ್ಲರೂ ಹೇಳಿದರು. ಸಹಿಯ ಕತೆ ಯಾರೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಆ ಮ್ಯಾನೇಜರ್ ಹಬ್ಬಿಸಿದ ಬೆಂಕಿಯ ಸುದ್ದಿಗೆ ಯಾತ್ರೆ ನಡೆಸುವವರು ಯಾರೂ ಹಾಲೇಶಪ್ಪನವರನ್ನು ಕರೆಯಲಿಲ್ಲ. ಮದುವೆಯ ಅಡುಗೆ ಮಾಡಿಕೊಂಡಿದ್ದರು. ಏಳೆಂಟು ವರ್ಷಗಳ ಮೇಲೆ ನ್ಯಾಮತಿಯ ಒಂದು ಮದುವೆಯಲ್ಲಿ ಹಿತ್ತಲಿಗೆ ಹೋಗಿ ಮಾತಾಡಿಸಿದೆ. ಬಲಗಾಲಿನ ಚರ್ಮ ಸುಕ್ಕುಗಟ್ಟಿತ್ತು.

"ಹಾಲೇಶಣ್ಣ, ಆವತ್ತು ಸಹಿ ಹಾಕಿದ್ದು ತಪ್ಪಾತು" ಎಂದೆ.

"ಹೌದು, ತಪ್ಪೇ" ಎಂದರು. ಸಮಾಧಾನದ ಮಾತು ಬರಬಹುದೆಂದು ಕಾದೆ. ಬರಲಿಲ್ಲ. "ನಿಮ್ಮವ್ವಗೆ ಹೇಳೀಯೇನು?"

"ಇಲ್ಲ."

"ಮತ್ತೆ ನನ್ನ ಮುಂದ್ಯಾಕೆ ಹೇಳ್ತೀಯವ್ವ? ನಾನು ಕಳೆದುಹೋಗಿದ್ನಾ?"

ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅವ್ವನಿಗೆ ಸಹಿಯ ಕತೆ ಹೇಳಿದೆ. ಅವ್ವ ಸೆರಗು ಹೊದ್ದು ಎದ್ದಳು. "ನಡಿ, ಮಣ್ಣಿಗೆ ಹೋಗಣ" ಎಂದಳು. ಸವಳಂಗದ ಬಸ್ಸಿನಲ್ಲಿ ನನ್ನ ಪಕ್ಕ ಕೂರದೆ ಹಿಂದೆ ಹೋಗಿ ಕೂತಳು.

ನ್ಯಾಮತಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಸೀಟಿ ಊದಿದ. ತಿರುಗಿ ನೋಡಿದರೆ ಅವ್ವನ ಸೀಟು ಖಾಲಿ. ನಾನು ಎದ್ದು ಓಡಿ, ಬಾಗಿಲಿನಿಂದ ಕೆಳಗಿಳಿದು, ಬಸ್ಸಿನ ಮುಂದೆ ನಿಂತೆ.

"ಏನ್ರೀ ಇದು? ಟೈಮಾಗ್ತೈತ್ರಿ, ಸರೀರಿ ಕಡೀಕೆ!" ಡ್ರೈವರ್ ಹಾರ್ನ್ ಒತ್ತಿದ.

"ನಮ್ಮವ್ವ ಹತ್ತಿಲ್ಲ."

"ಮುಂದಿನ ಗಾಡಿಗೆ ಬರ್ತಾರೆ, ಸರೀರಿ!"

"ಸರಿಯಾಕಿಲ್ಲ" ಎಂದೆ. ಹಾರ್ನ್ ಬಡಿಯುತ್ತಲೇ ಇತ್ತು.

ರಸ್ತೆಯಾಚೆಯ ಹೂವಿನಂಗಡಿಯಲ್ಲಿ ಅವ್ವ ಹಾರ ಆರಿಸುತ್ತಿದ್ದಳು. ನಮ್ಮ ಕಡೆ ನೋಡಿದಳು. ಒಂದು ಹಾರ ಕೆಳಗಿಟ್ಟು, ಅದಕ್ಕಿಂತ ದೊಡ್ಡದನ್ನು ಕೈಗೆತ್ತಿಕೊಂಡಳು.